ಕಿರು ಹವಳ ತೊಟ್ಟಿಗೆ ಎಲ್‌ಇಡಿ ದೀಪ: ಆಯ್ಕೆ ಮತ್ತು ಅಳವಡಿಕೆ

ಬಣ್ಣದ ಮೀನು ಸಾಕುವ ಸಿಹಿನೀರಿನ ತೊಟ್ಟಿಯಲ್ಲಿ ದೀಪದ ಹೊಣೆ ಹೆಚ್ಚೇನೂ ಇಲ್ಲ. ನೋಡುವವರಿಗೆ ಮೀನು ಕಂಡರೆ ಸಾಕು. ದೀಪ ಕೆಟ್ಟು ಒಂದು ವಾರ ಕಳೆದರೂ ಮೀನಿಗೆ ತೊಂದರೆಯಾಗದು. ಉಪ್ಪುನೀರಿನಲ್ಲಿ ಹವಳಗಳನ್ನು ಬೆಳೆಸುವ ತೊಟ್ಟಿಯ ಸ್ಥಿತಿ ಬೇರೆ. ಹವಳವು ಪ್ರಾಣಿಯೇ ಹೌದಾದರೂ ಅದರ ಅಂಗಾಂಶದೊಳಗೆ ಜೂಜ್ಯಾಂಥೆಲ್ಲೆ ಎಂಬ ಏಕಕೋಶ ಪಾಚಿಗಳು ನೆಲೆಸಿರುತ್ತವೆ. ಈ ಪಾಚಿಗಳು ಬೆಳಕಿನಿಂದ ಸಕ್ಕರೆ ತಯಾರಿಸಿ ಅದರ ಬಹುಪಾಲನ್ನು ಆಶ್ರಯದಾತನಿಗೆ ಒಪ್ಪಿಸುತ್ತವೆ. ಬೆಳಕು ಚೆನ್ನಾಗಿರುವಲ್ಲಿ ಹಲವು ಹವಳಗಳು ತಮ್ಮ ಶಕ್ತಿಯ ಅಗತ್ಯದ ಶೇ. 90ರವರೆಗೂ ಈ ಮಾರ್ಗದಿಂದ ಪಡೆಯುತ್ತವೆ ಎಂದು ಜೀವಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಹಾಗಾಗಿ ಹವಳ ತೊಟ್ಟಿಯ ಮೇಲಿನ ದೀಪವೆಂದರೆ ಅಲ್ಲಿನ ಜೀವಿಗಳ ಅನ್ನದ ತಟ್ಟೆಯೇ ಸರಿ.

ಆದರೆ ತಟ್ಟೆಯಲ್ಲಿ ಅನ್ನ ಹೆಚ್ಚಾದರೂ ಅಪಾಯವೇ. ಬೆಳಕು ಮಿತಿ ಮೀರಿದಾಗ ಪಾಚಿಗಳ ಒಳಗೆ ಜೀವಕೋಶಕ್ಕೆ ಹಾನಿ ಮಾಡುವ ಕ್ರಿಯಾಶೀಲ ಆಮ್ಲಜನಕ ಉತ್ಪತ್ತಿಯಾಗುತ್ತದೆ. ಹವಳವು ಪಾಚಿಯನ್ನೇ ಹೊರದೂಡಿ ಬಿಳಿಚಿಕೊಳ್ಳುತ್ತದೆ. ಹೊಸದಾಗಿ ಈ ಹವ್ಯಾಸಕ್ಕೆ ಇಳಿದವರ ತೊಟ್ಟಿಗಳಲ್ಲಿ ಮಂದ ಬೆಳಕಿಗಿಂತ ಇಂತಹ ಅತಿಬೆಳಕೇ ಹೆಚ್ಚು ಹವಳಗಳನ್ನು ಬಲಿ ತೆಗೆದುಕೊಳ್ಳುತ್ತದೆ ಎಂಬುದು ಅನುಭವಿಗಳ ಸಾಮಾನ್ಯ ಅಭಿಪ್ರಾಯ. ಇಂದಿನ ಎಲ್‌ಇಡಿ ದೀಪಗಳು ಅಂಗೈಯಗಲದ ಪೆಟ್ಟಿಗೆಯಿಂದಲೇ ಅಷ್ಟು ಪ್ರಖರ ಬೆಳಕನ್ನು ಸುರಿಯಬಲ್ಲವು.

ಮೊದಲು ನಿವಾಸಿ ಯಾರೆಂದು ನಿರ್ಧರಿಸಿ

ದೀಪದ ಅಂಗಡಿಗೆ ಹೋಗುವ ಮೊದಲು ತೊಟ್ಟಿಯಲ್ಲಿ ಯಾವ ಜೀವಿಗಳು ಇರಲಿವೆ ಎಂಬುದು ಖಚಿತವಾಗಬೇಕು. ಇಲ್ಲಿ ಜೀವಶಾಸ್ತ್ರಕ್ಕಿಂತ ಮೊದಲು ಕಾನೂನು ಎದುರಾಗುತ್ತದೆ. ಸುಣ್ಣದ ಅಸ್ಥಿಪಂಜರ ಕಟ್ಟುವ ಕಲ್ಲುಹವಳಗಳೆಲ್ಲವೂ, ಅವುಗಳೊಂದಿಗೆ ಕಪ್ಪುಹವಳ, ಬೆಂಕಿಹವಳ, ಆರ್ಗನ್ ಪೈಪ್ ಹವಳ ಹಾಗೂ ಸಮುದ್ರ ಬೀಸಣಿಗೆಗಳೂ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಅನುಸೂಚಿಯಲ್ಲಿವೆ. ಇವು ಈ ಪಟ್ಟಿಗೆ ಸೇರಿದ್ದು 2001ರಲ್ಲಿ. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳನ್ನು ಹೊಸದಾಗಿ ಬರೆದಾಗಲೂ ಹವಳಗಳ ಸ್ಥಾನ ಬದಲಾಗಲಿಲ್ಲ. ಅಂದರೆ ಹುಲಿಗೆ ಇರುವ ರಕ್ಷಣೆಯೇ ಇವುಗಳಿಗೂ ಇದೆ. ಮುರುಡೇಶ್ವರದ ಕಡಲಾಚೆಯ ನೇತ್ರಾಣಿ ದ್ವೀಪದ ಸುತ್ತಲಿನ ಹವಳವಾಗಲಿ, ಲಕ್ಷದ್ವೀಪ, ಮನ್ನಾರ್ ಕೊಲ್ಲಿ ಅಥವಾ ಅಂಡಮಾನಿನದಾಗಲಿ, ಒಂದು ತುಂಡನ್ನು ಮುರಿದು ತಂದರೂ ಅದು ಕನಿಷ್ಠ 3 ವರ್ಷ ಸೆರೆವಾಸಕ್ಕೆ ದಾರಿಯಾಗುವ ಅಪರಾಧ. ಕಲ್ಲುಹವಳಗಳು ಸೈಟಿಸ್ ಎಂಬ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೇ ಅನುಬಂಧದಲ್ಲೂ ಇರುವುದರಿಂದ ವಿದೇಶದ ಸರಕು ಎಂಬ ಮಾರಾಟಗಾರನ ಬಾಯಿಮಾತನ್ನು ನಂಬುವಂತಿಲ್ಲ.

ಕಾನೂನಿನ ಮಾತು ಒತ್ತಟ್ಟಿಗಿರಲಿ, ಕಡಲಿನ ಸ್ಥಿತಿಯೂ ಚೆನ್ನಾಗಿಲ್ಲ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತ ಸಂಸ್ಥೆಯು ಹವಳಗಳ ನಾಲ್ಕನೇ ಜಾಗತಿಕ ಬಿಳಿಚುವಿಕೆಯನ್ನು ದೃಢಪಡಿಸಿತು. ಅದೇ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳಗಳೂ ತೀವ್ರವಾಗಿ ಬಿಳಿಚಿದವು.

ಆದ್ದರಿಂದ ನಮ್ಮಲ್ಲಿ ಕಿರು ತೊಟ್ಟಿ ಇಡುವವರು ಕಲ್ಲುಹವಳದ ಆಸೆಯನ್ನು ಬಿಟ್ಟು, ಮಶ್ರೂಮ್ ಹವಳವೆಂದು ಕರೆಯುವ ಡಿಸ್ಕೋಸೋಮಾ, ಗುಂಡಿಗಳ ಗೊಂಚಲಿನಂತೆ ಕಾಣುವ ಜೋವಾಂಥಸ್, ಲೆದರ್ ಕೋರಲ್ ಎಂಬ ಹೆಸರಿನ ಸಾರ್ಕೋಫೈಟಾನ್, ಮಿಡಿಯುವ ಜೀನಿಯಾ ಮುಂತಾದವಕ್ಕೆ ಸೀಮಿತವಾಗುವುದು ವಿವೇಕ. ಇವುಗಳಿಗೂ ಆಮದಿನ ದಾಖಲೆ ಅಥವಾ ತೊಟ್ಟಿಯಲ್ಲೇ ಬೆಳೆಸಿದ್ದೆಂಬ ಲಿಖಿತ ವಿವರವನ್ನು ಕೇಳಿ ಪಡೆಯಬೇಕು. ಈ ನಿರ್ಧಾರದಿಂದ ದೀಪದ ಲೆಕ್ಕಾಚಾರವೂ ಹಗುರವಾಗುತ್ತದೆ. ಪರದೇಶದ ಹವ್ಯಾಸಿಗಳು ಅಕ್ರೋಪೋರಾದಂತಹ ಕಲ್ಲುಹವಳಕ್ಕಾಗಿ ಕೊಳ್ಳುವ ದುಬಾರಿ ದೀಪಗಳ ಶಕ್ತಿಯಲ್ಲಿ ಮೂರನೇ ಒಂದು ಪಾಲು ಮೇಲ್ಕಂಡ ಜೀವಿಗಳಿಗೆ ಧಾರಾಳವಾಗಿ ಸಾಕು.

ವ್ಯಾಟ್, ಲಕ್ಸ್, ಕೆಲ್ವಿನ್ ಮತ್ತು ಪಾರ್

ದೀಪದ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಸಂಖ್ಯೆಗಳಲ್ಲಿ ಹೆಚ್ಚಿನವು ಹವಳಕ್ಕೆ ಸಂಬಂಧವಿಲ್ಲದವು. ವ್ಯಾಟ್ ಎಂಬುದು ದೀಪ ಕುಡಿಯುವ ವಿದ್ಯುತ್ತಿನ ಅಳತೆ. ಕೊಳವೆ ದೀಪಗಳ ಕಾಲದಲ್ಲಿ ಒಂದು ಗ್ಯಾಲನ್ ನೀರಿಗೆ ಇಂತಿಷ್ಟು ವ್ಯಾಟ್ ಎಂಬ ಸೂತ್ರವೊಂದು ಚಾಲ್ತಿಯಲ್ಲಿತ್ತು. ಎಲ್‌ಇಡಿಗಳ ದಕ್ಷತೆ ಒಂದಕ್ಕಿಂತ ಒಂದು ಭಿನ್ನವಾಗಿರುವುದರಿಂದ ಆ ಸೂತ್ರಕ್ಕೆ ಈಗ ಬೆಲೆಯಿಲ್ಲ. ಕೆಲ್ವಿನ್ ಅಂಕಿ ನಮ್ಮ ಕಣ್ಣಿಗೆ ಬೆಳಕು ಎಷ್ಟು ನೀಲಿಯಾಗಿ ಕಾಣುತ್ತದೆ ಎಂಬುದನ್ನಷ್ಟೇ ಹೇಳುತ್ತದೆ.

ಲಕ್ಸ್ ಮಾಪಕದ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಲಕ್ಸ್ ಎಂಬುದು ಮನುಷ್ಯನ ಕಣ್ಣಿನ ಸಂವೇದನೆಗೆ ಹೊಂದಿಸಿದ ಅಳತೆ. ನಮ್ಮ ಕಣ್ಣು ಹಸಿರು ಬೆಳಕಿಗೆ ಹೆಚ್ಚು, ಕಡುನೀಲಿಗೆ ಬಹಳ ಕಡಿಮೆ ಸ್ಪಂದಿಸುತ್ತದೆ. ಬಿಸಿಲಿನಲ್ಲಿ 100 ಮೈಕ್ರೋಮೋಲ್ ಫೋಟಾನುಗಳು ಸುಮಾರು 5,400 ಲಕ್ಸ್ ತೋರಿಸಿದರೆ, 450 ನ್ಯಾನೋಮೀಟರಿನ ಕಡುನೀಲಿ ಎಲ್‌ಇಡಿಯ ಅಷ್ಟೇ ಫೋಟಾನುಗಳು ಕೇವಲ 700 ಲಕ್ಸ್ ತೋರಿಸುತ್ತವೆ. ನೀಲಿ ದೀಪದ ಕೆಳಗಿನ ತೊಟ್ಟಿ ಮಂಕಾಗಿ ಕಂಡಿತೆಂದು ದೀಪ ಏರಿಸಿದವರ ಹವಳ ಸುಟ್ಟುಹೋಗುವುದರ ಗುಟ್ಟು ಇದೇ. ಮೊಬೈಲ್ ಫೋನಿನ ಲಕ್ಸ್ ತಂತ್ರಾಂಶವೂ ಇದೇ ಕಾರಣಕ್ಕೆ ದಾರಿ ತಪ್ಪಿಸುತ್ತದೆ; ಒಂದೇ ದೀಪವನ್ನು ಒಂದೇ ಬಣ್ಣದಲ್ಲಿಟ್ಟು ಮೂಲೆಗೂ ನಡುವಿಗೂ ಇರುವ ವ್ಯತ್ಯಾಸ ಹೋಲಿಸಲು ಬೇಕಾದರೆ ಬಳಸಬಹುದು.

ನಿಜವಾದ ಅಳತೆ ಪಾರ್. 400ರಿಂದ 700 ನ್ಯಾನೋಮೀಟರ್ ತರಂಗಾಂತರದ, ದ್ಯುತಿಸಂಶ್ಲೇಷಣೆಗೆ ಒದಗುವ ಫೋಟಾನುಗಳು ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಎಷ್ಟು ಮೈಕ್ರೋಮೋಲ್ ಬೀಳುತ್ತವೆ ಎಂಬ ಲೆಕ್ಕ ಅದು. ಉಷ್ಣವಲಯದ ನಡುಹಗಲಿನ ನಿಚ್ಚಳ ಬಿಸಿಲು ಸುಮಾರು 2,000. ಸಾಕುವವರ ಅನುಭವದಲ್ಲಿ ಮಶ್ರೂಮ್ ಹವಳಕ್ಕೆ 30ರಿಂದ 75, ಜೋವಾಂಥಸ್ ಮತ್ತು ಲೆದರ್ ಹವಳಕ್ಕೆ 75ರಿಂದ 150 ಸಾಕಾಗುತ್ತದೆ. ಅಕ್ರೋಪೋರಾಕ್ಕೆ ಹೇಳುವ ಅಂಕಿ 200ರಿಂದ 350. ಈ ಕೊನೆಯ ಅಂಕಿಯನ್ನು ನೋಡಿ ಮಶ್ರೂಮ್ ಹವಳದ ತೊಟ್ಟಿಗೂ ಅದೇ ಬೆಳಕು ಕೊಡುವುದು ಬಹಳ ಸಾಮಾನ್ಯವಾದ ತಪ್ಪು.

ನೀಲಿಯೇ ಏಕೆ?

ಕಡಲ ನೀರು ಕೆಂಪು ಬೆಳಕನ್ನು ಬೇಗ ಹೀರಿಬಿಡುತ್ತದೆ. ತಿಳಿನೀರಿನಲ್ಲೂ ಕೆಲವೇ ಮೀಟರ್ ಆಳದೊಳಗೆ ಅದು ಬಹುಪಾಲು ಕಾಣೆಯಾಗುತ್ತದೆ. ಆಳಕ್ಕೆ ಇಳಿಯುವುದು ನೀಲಿ. ಹವಳದೊಳಗಿನ ಪಾಚಿಯ ಕ್ಲೋರೋಫಿಲ್ ಮತ್ತು ಪೆರಿಡಿನಿನ್ ಎಂಬ ವರ್ಣದ್ರವ್ಯಗಳು ಸುಮಾರು 430ರಿಂದ 550 ನ್ಯಾನೋಮೀಟರಿನವರೆಗಿನ ಈ ನೀಲಿ-ಹಸಿರು ಭಾಗವನ್ನೇ ಹಿಡಿಯಲು ಹೊಂದಿಕೊಂಡಿವೆ. ಹವಳ ತೊಟ್ಟಿಗೆ ಎಲ್‌ಇಡಿ ಒಗ್ಗಲು ಇದೇ ಕಾರಣ. 1993ರಲ್ಲಿ ಜಪಾನಿನ ನಿಚಿಯಾ ಕಂಪನಿಯಲ್ಲಿ ಶುಜಿ ನಕಮುರಾ ಪ್ರಖರ ನೀಲಿ ಎಲ್‌ಇಡಿಯನ್ನು ಸಿದ್ಧಪಡಿಸಿದರು. ಈ ಶೋಧಕ್ಕಾಗಿ ಅವರೊಂದಿಗೆ ಅಕಸಾಕಿ ಮತ್ತು ಅಮಾನೋ ಅವರಿಗೆ 2014ರ ಭೌತಶಾಸ್ತ್ರ ನೊಬೆಲ್ ಸಂದಿತು. ಅದಕ್ಕೂ ಮೊದಲು ಹವ್ಯಾಸಿಗಳಿಗೆ ಇದ್ದದ್ದು ಬಿಸಿ ಕಾರುವ ಮೆಟಲ್ ಹ್ಯಾಲೈಡ್ ದೀಪ ಮತ್ತು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕಾದ ಕೊಳವೆ ದೀಪಗಳು.

ಹೀಗಾಗಿ 445ರಿಂದ 455 ನ್ಯಾನೋಮೀಟರಿನ ಕಡುನೀಲಿ ಮತ್ತು 470ರ ಆಸುಪಾಸಿನ ನೀಲಿ ಚಿಪ್ಪುಗಳು ದೀಪದ ಬೆನ್ನೆಲುಬಾಗಿರಬೇಕು. 400ರಿಂದ 430ರ ನೇರಳೆ ಚಿಪ್ಪುಗಳಿದ್ದರೆ ಒಳ್ಳೆಯದೇ. ಹವಳದ ಮೈಯಲ್ಲಿರುವ ಹೊಳೆಯುವ ಪ್ರೋಟೀನುಗಳು ನೀಲಿ-ನೇರಳೆ ಬೆಳಕನ್ನು ಹೀರಿ ಹಸಿರು, ಕಿತ್ತಳೆ ಬಣ್ಣಗಳನ್ನು ಸೂಸುತ್ತವೆ. ಸಂಜೆ ಬರಿಯ ನೀಲಿ ಬೆಳಕಿನಲ್ಲಿ ತೊಟ್ಟಿ ದೀಪಾವಳಿಯಂತೆ ಕಾಣುವುದು ಇದರಿಂದಲೇ. ಬಿಳಿ ಚಿಪ್ಪುಗಳು ಹೆಚ್ಚಾಗಿ ನಮ್ಮ ಕಣ್ಣಿನ ಸಮಾಧಾನಕ್ಕೆ. ಅವನ್ನು ಶೇ. 10ರಿಂದ 20ರಷ್ಟು ಬೆರೆಸಿದರೆ ಮೀನಿನ ಬಣ್ಣ ಸಹಜವಾಗಿ ಕಾಣುತ್ತದೆ. ಕೆಂಪು ಮತ್ತು ಹಸಿರು ಚಿಪ್ಪುಗಳನ್ನು ಮಾರಾಟಗಾರರು ಪೂರ್ಣ ವರ್ಣಪಟಲ ಎಂದು ಹೊಗಳುವುದುಂಟು. 2014ರಲ್ಲಿ ಪ್ಲಾಸ್ ಒನ್ ವಿಜ್ಞಾನಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೆಂಪು ಬೆಳಕಿನಡಿ ಇರಿಸಿದ ಸ್ಟೈಲೋಫೋರಾ ಎಂಬ ಕಲ್ಲುಹವಳದಲ್ಲಿ ಪಾಚಿಗಳ ಸಾಂದ್ರತೆ ಕುಗ್ಗಿ ಹವಳದ ಆರೋಗ್ಯ ಕೆಟ್ಟದ್ದು ಕಂಡುಬಂದಿತ್ತು. ಕೆಂಪು ಚಿಪ್ಪು ಇದ್ದರೆ ಅತ್ಯಲ್ಪ ಮಟ್ಟದಲ್ಲಿಡಿ. ಅದಕ್ಕಾಗಿ ಹೆಚ್ಚು ಹಣ ತೆರಬೇಕಿಲ್ಲ.

ಕೊಳ್ಳುವಾಗ

ಉದಾಹರಣೆಗೆ ಉದ್ದ, ಅಗಲ, ಎತ್ತರ ಮೂರೂ 45 ಸೆಂಟಿಮೀಟರ್ ಇರುವ ಚೌಕ ತೊಟ್ಟಿಯನ್ನು ತೆಗೆದುಕೊಳ್ಳೋಣ. ಅಂಚಿನವರೆಗೆ ತುಂಬಿದರೆ ಸುಮಾರು 91 ಲೀಟರ್ ನೀರು ಹಿಡಿಯುತ್ತದೆ. ಇಂತಹ ತೊಟ್ಟಿಗೆ ಮಧ್ಯದಲ್ಲಿ ತೂಗುವ, 40ರಿಂದ 60 ವ್ಯಾಟಿನ ಒಂದೇ ದೀಪ ಸಾಕು. ಆಕ್ವಾ ಇಲ್ಯೂಮಿನೇಷನ್‌ನ ಪ್ರೈಮ್, ಕೆಸ್ಸಿಲ್‌ನ ಎ160, ರೆಡ್ ಸೀಯ ರೀಫ್ ಎಲ್‌ಇಡಿ 50 ಈ ಅಳತೆಯ ತೊಟ್ಟಿಗೆಂದೇ ಬಂದ ದೀಪಗಳು. ಹೆಸರಿಲ್ಲದ ಅಗ್ಗದ ದೀಪಗಳಲ್ಲೂ ಕೆಲಸಕ್ಕೆ ಬರುವವು ಇವೆ. ಅವುಗಳ ದೌರ್ಬಲ್ಯ ಚಿಪ್ಪಿಗಿಂತ ಹೆಚ್ಚಾಗಿ ವಿದ್ಯುತ್ ಪೂರೈಸುವ ಡ್ರೈವರ್‌ನಲ್ಲಿ ಮತ್ತು ತಂಪಾಗಿಸುವ ಫ್ಯಾನಿನಲ್ಲಿ ಇರುತ್ತದೆ. ಎಲ್‌ಇಡಿ ಚಿಪ್ಪಿಗೆ ಸಾಮಾನ್ಯವಾಗಿ ಹೇಳುವ 50,000 ಗಂಟೆಗಳ ಆಯಸ್ಸು ದಿನಕ್ಕೆ 9 ಗಂಟೆಯಂತೆ 15 ವರ್ಷವಾಗುತ್ತದೆ. ಅಷ್ಟರೊಳಗೆ ಉಪ್ಪಿನ ಗಾಳಿಗೆ ಫ್ಯಾನು ಒಂದೆರಡು ಬಾರಿಯಾದರೂ ಕೈಕೊಡುತ್ತದೆ. ಫ್ಯಾನು ಮತ್ತು ಡ್ರೈವರ್ ಬಿಡಿಭಾಗಗಳಾಗಿ ಸಿಗುವುವೇ ಎಂಬ ಪ್ರಶ್ನೆಯನ್ನು ಬೆಲೆಗಿಂತ ಮೊದಲು ಕೇಳುವುದು ಲೇಸು.

ಎರಡು ಅಂಶಗಳು ಮಾತ್ರ ಇರಲೇಬೇಕು. ನೀಲಿ ಮತ್ತು ಬಿಳಿಯನ್ನು ಬೇರೆ ಬೇರೆಯಾಗಿ ತಗ್ಗಿಸಿ ಏರಿಸುವ ಸೌಲಭ್ಯ ಒಂದು. ದೀಪದಡಿ ಬೇರೆ ಬೇರೆ ಎತ್ತರದಲ್ಲಿ ಎಷ್ಟು ಪಾರ್ ಬೀಳುತ್ತದೆ ಎಂಬ ತಯಾರಕರ ನಕ್ಷೆ ಇನ್ನೊಂದು. ನಕ್ಷೆ ಒದಗಿಸದ ದೀಪವನ್ನು ಕೊಳ್ಳುವವರು ಪಾರ್ ಮಾಪಕವೊಂದನ್ನು ಎರವಲು ಪಡೆಯುವ ದಾರಿಯನ್ನೂ ನೋಡಿಕೊಳ್ಳಬೇಕು. ಮಸೂರಗಳ ಕೋನವೂ ಮುಖ್ಯ. 60 ಡಿಗ್ರಿಯ ಕಿರಿದಾದ ಮಸೂರ ಆಳದ ತೊಟ್ಟಿಗೆ ತಕ್ಕದ್ದು. ಅದನ್ನು ಕಿರು ತೊಟ್ಟಿಯ ಮೇಲಿಟ್ಟರೆ ನಡುವೆ ಉರಿಬಿಸಿಲು, ಮೂಲೆಯಲ್ಲಿ ಮಬ್ಬು. 90ರಿಂದ 120 ಡಿಗ್ರಿಯದು ಇಲ್ಲಿಗೆ ಹೊಂದುತ್ತದೆ. ಮೊಬೈಲಿನಿಂದ ನಿಯಂತ್ರಿಸುವ ವ್ಯವಸ್ಥೆ, ಮೋಡ-ಮಿಂಚಿನ ಅನುಕರಣೆ ಇತ್ಯಾದಿ ಆಟಿಕೆಗಳಿಗೆ ಹವಳ ಏನನ್ನೂ ಕೊಡುವುದಿಲ್ಲ.

ತೂಗುಹಾಕುವುದು ಮತ್ತು ಏರಿಸುವುದು

ನೀರಿನ ಮೇಲ್ಮೈಯಿಂದ 20ರಿಂದ 30 ಸೆಂಟಿಮೀಟರ್ ಎತ್ತರ ಹೆಚ್ಚಿನ ದೀಪಗಳಿಗೆ ಸರಿಹೋಗುತ್ತದೆ. ಎತ್ತರಿಸಿದಷ್ಟೂ ಬೆಳಕು ಹರಡಿ ಸಮವಾಗುತ್ತದೆ, ನಡುವಿನ ತೀವ್ರತೆ ತಗ್ಗುತ್ತದೆ, ಜೊತೆಗೆ ಕೋಣೆಯೆಲ್ಲ ನೀಲಿಯಾಗುತ್ತದೆ. ದೀಪ ತಗ್ಗಿದಷ್ಟೂ ಬಂಡೆಗಳ ನೆರಳು ಗಡುಸಾಗಿ ಅದರ ಮೇಲೆ ಉಪ್ಪು ಸಿಡಿಯುತ್ತದೆ. ಒಂದೇ ತೊಟ್ಟಿಯ ಬಂಡೆಯ ತುದಿಗೂ ಮರಳಿನ ತಳಕ್ಕೂ ಪಾರ್ ಎರಡು ಮೂರು ಪಟ್ಟು ಭಿನ್ನವಾಗಿರುವುದು ಸಹಜ. ಈ ಏರಿಳಿತವನ್ನು ದೋಷವೆಂದು ಭಾವಿಸದೆ ಅನುಕೂಲವಾಗಿ ಬಳಸಿಕೊಳ್ಳಬೇಕು: ಮಶ್ರೂಮ್ ಹವಳ ತಳದ ನೆರಳಿಗೆ, ಜೋವಾಂಥಸ್ ನಡುಮಟ್ಟಕ್ಕೆ, ಲೆದರ್ ಹವಳ ಮೇಲಕ್ಕೆ.

ಮಾಪಕ ದೊರೆತರೆ ಮೇಲೆ, ನಡುವೆ, ತಳದಲ್ಲಿ, ಪ್ರತಿ ಮಟ್ಟದಲ್ಲೂ ಮಧ್ಯ ಮತ್ತು ಎರಡು ಮೂಲೆಗಳಲ್ಲಿ ಅಳೆದು ಒಂದು ಹಾಳೆಯಲ್ಲಿ ಬರೆದಿಡಿ. ಅಪೋಜಿ ಸಂಸ್ಥೆಯ ನೀರಿನೊಳಗಿನ ಮಾಪಕ ಹವ್ಯಾಸಿಗಳ ನಡುವೆ ಪರಿಚಿತ. ಹಲವು ದೀಪಗಳಿಗಿಂತ ಅದೇ ದುಬಾರಿಯಾದ್ದರಿಂದ ನಾಲ್ಕಾರು ಮಂದಿ ಸೇರಿ ಕೊಂಡು ಹಂಚಿಕೊಳ್ಳುವುದು ಜಾಣತನ. ಒಂದು ದಿನದ ಅಳತೆ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ಮಾಪಕ ಇರಲಿ, ಇಲ್ಲದಿರಲಿ, ಹೊಸ ದೀಪವನ್ನು ಪೂರ್ಣ ಶಕ್ತಿಯಲ್ಲಿ ಹಚ್ಚಬಾರದು. ಶೇ. 30ರಿಂದ ಆರಂಭಿಸಿ ವಾರಕ್ಕೆ ಶೇ. 5ರಷ್ಟು ಏರಿಸುತ್ತ ಗುರಿ ಮುಟ್ಟಲು ನಾಲ್ಕರಿಂದ ಆರು ವಾರ ತೆಗೆದುಕೊಳ್ಳಬೇಕು. ಪಾಚಿಗಳು ತಮ್ಮ ವರ್ಣದ್ರವ್ಯದ ಪ್ರಮಾಣವನ್ನು ಹೊಸ ಬೆಳಕಿಗೆ ಹೊಂದಿಸಿಕೊಳ್ಳಲು ದಿನಗಳೇ ಬೇಕು, ಕೆಲವೊಮ್ಮೆ ವಾರಗಳೂ ಬೇಕು. ಅಂಗಡಿಯಿಂದ ತಂದ ಹೊಸ ಹವಳವನ್ನೂ ಮೊದಲು ತಳದಲ್ಲಿಟ್ಟು ಹಂತ ಹಂತವಾಗಿ ಮೇಲೇರಿಸಬೇಕು. ಜೋವಾಂಥಸ್ ಗುಂಪಿನ ಕೆಲವು ಹವಳಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ತೀವ್ರ ವಿಷವಿರುವುದರಿಂದ ಹೀಗೆ ಸ್ಥಳಾಂತರಿಸುವಾಗ ಕೈಗವಸು ತೊಡುವುದನ್ನು ಮರೆಯಬಾರದು.

ದಿನಕ್ಕೆ 8ರಿಂದ 9 ಗಂಟೆ ಬೆಳಕು ಸಾಕು. ಬೆಳಗ್ಗೆ ಮತ್ತು ಸಂಜೆ ಒಂದೊಂದು ಗಂಟೆ ಮೆಲ್ಲನೆ ಏರಿಳಿಯುವಂತೆ ಹೊಂದಿಸಿದರೆ ಮೀನುಗಳಿಗೂ ಹಿತ. ಕಚೇರಿಗೆ ಹೋಗುವವರು ಮಧ್ಯಾಹ್ನ 1ರಿಂದ ರಾತ್ರಿ 10ರವರೆಗೆ ಇಟ್ಟುಕೊಳ್ಳಬಹುದು. ನಿತ್ಯ ಒಂದೇ ವೇಳೆಯಾಗಿದ್ದರೆ ಹವಳಕ್ಕೆ ಅಡ್ಡಿಯಿಲ್ಲ. ರಾತ್ರಿಯಿಡೀ ನೀಲಿ ದೀಪ ಉರಿಸುವ ರೂಢಿ ಮಾತ್ರ ತರವಲ್ಲ. ಜೀವಿಗಳಿಗೆ ಕತ್ತಲೆಯೂ ಬೇಕು.

ಹವಳ ಹೇಳುವುದನ್ನು ಓದುವುದು

ಬೆಳಕು ಹೆಚ್ಚಾದ ಹವಳದ ಬಣ್ಣ ಮೇಲ್ಭಾಗದಿಂದ ಮಾಸತೊಡಗುತ್ತದೆ. ಮಶ್ರೂಮ್ ಹವಳ ಅಂಚು ಮುದುರಿ ಕುಗ್ಗುತ್ತದೆ, ಕೆಲವೊಮ್ಮೆ ಬುಡ ಕಿತ್ತುಕೊಂಡು ನೆರಳಿಗೆ ತೇಲಿಹೋಗುತ್ತದೆ. ಜೋವಾಂಥಸ್ ಮುಚ್ಚಿಕೊಂಡೇ ಇರುತ್ತದೆ. ಬೆಳಕು ಸಾಲದಾದಾಗ ಅದೇ ಜೋವಾಂಥಸ್ ಕುತ್ತಿಗೆ ಉದ್ದ ಮಾಡಿ ಮೇಲಕ್ಕೆ ಚಾಚುತ್ತದೆ, ಹವಳದ ಮೈ ಕಂದು ಬಣ್ಣಕ್ಕೆ ತಿರುಗುತ್ತದೆ. ಸಿಕ್ಕಷ್ಟು ಬೆಳಕನ್ನು ಹಿಡಿಯಲು ಪಾಚಿಗಳು ದಟ್ಟವಾದುದರ ಗುರುತು ಅದು. ಕಂದಾಗುವುದು ನಿಧಾನದ ಸಮಸ್ಯೆ, ಸರಿಪಡಿಸಲು ಕಾಲಾವಕಾಶವಿದೆ. ಬಿಳಿಚುವುದು ದಿನಗಳ ಮಾತು. ಸಂಶಯ ಬಂದಾಗ ತಗ್ಗಿಸುವುದೇ ಸುರಕ್ಷಿತ. ಆದರೆ ಲೆದರ್ ಹವಳ ಆಗಾಗ ಒಂದು ವಾರ ಮುಚ್ಚಿಕೊಂಡು ಮೇಲ್ಪೊರೆ ಕಳಚುವುದು ಅದರ ಸಹಜ ಸ್ವಭಾವ. ಅದಕ್ಕೆ ದೀಪವನ್ನು ದೂರಬೇಕಿಲ್ಲ. ನೀರಿನ ಲವಣಾಂಶ, ಉಷ್ಣತೆ ಕೆಟ್ಟಾಗಲೂ ಇಂತಹುದೇ ಲಕ್ಷಣಗಳು ಕಾಣುವುದರಿಂದ ದೀಪವನ್ನು ಮುಟ್ಟುವ ಮೊದಲು ಅವೆರಡನ್ನೂ ಪರೀಕ್ಷಿಸಿ. ಒಂದು ಬದಲಾವಣೆ ಮಾಡಿದ ಮೇಲೆ ಹತ್ತು ದಿನ ಕಾಯಬೇಕು. ದಿನಕ್ಕೊಂದು ಸಲ ಗುಂಡಿ ತಿರುಗಿಸುವವರ ತೊಟ್ಟಿಯಲ್ಲಿ ಯಾವುದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ.

ಬೇಸಿಗೆ ಮತ್ತು ವಿದ್ಯುತ್ ಕಡಿತ

ಎಲ್‌ಇಡಿ ಬಿಸಿಯಾಗುವುದಿಲ್ಲ ಎಂಬ ನಂಬಿಕೆ ಅರ್ಧ ಸತ್ಯ. ಅದರ ಶಾಖ ನೀರಿಗೆ ಇಳಿಯುವ ಬದಲು ಬೆನ್ನಿನ ಲೋಹದ ಮೂಲಕ ಗಾಳಿಗೆ ಹೋಗುತ್ತದೆ. ದೀಪದ ಮೇಲೆ ಕನಿಷ್ಠ ಒಂದು ಗೇಣು ತೆರೆದ ಜಾಗ ಇರಬೇಕು; ಮುಚ್ಚಿದ ಮರದ ಪೆಟ್ಟಿಗೆಯೊಳಗೆ ಕೂಡಿಟ್ಟ ದೀಪ ಬೇಗ ಹಾಳಾಗುತ್ತದೆ. ತೊಟ್ಟಿಯ ನೀರು 25-26 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಉತ್ತಮ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ತಂಪುಯಂತ್ರವಿಲ್ಲದೆ ಇದು ಅಸಾಧ್ಯ. ಒಣಹವೆಯ ಊರುಗಳಲ್ಲಿ ನೀರಿನ ಮೇಲೆ ಫ್ಯಾನು ಬೀಸಿದರೆ ಆವಿಯಾಗುವಿಕೆಯಿಂದ ಎರಡು ಮೂರು ಡಿಗ್ರಿ ಇಳಿಯಬಹುದು. ಆವಿಯಾದಷ್ಟು ಶುದ್ಧ ಸಿಹಿನೀರನ್ನು ದಿನವೂ ತುಂಬಬೇಕು. ಮಂಗಳೂರಿನ ತೇವದ ಗಾಳಿಯಲ್ಲಿ ಈ ಉಪಾಯ ಅಷ್ಟಾಗಿ ಫಲಿಸದು. ಬಿಳಿಚುವಿಕೆಗೆ ಬಿಸಿ ಮತ್ತು ಬೆಳಕು ಜೊತೆಗೂಡಿ ಕಾರಣವಾಗುವುದರಿಂದ, ನೀರು 29 ಡಿಗ್ರಿ ದಾಟಿದ ದಿನಗಳಲ್ಲಿ ದೀಪವನ್ನು ಮೂರನೇ ಒಂದರಷ್ಟು ತಗ್ಗಿಸುವುದು ಸುಲಭವಾದ, ಖರ್ಚಿಲ್ಲದ ರಕ್ಷಣೆ.

ವಿದ್ಯುತ್ ಹೋದಾಗ ಯುಪಿಎಸ್‌ಗೆ ಜೋಡಿಸಬೇಕಾದದ್ದು ನೀರು ಕಲಕುವ ಪಂಪನ್ನು. ಒಂದೆರಡು ದಿನದ ಕತ್ತಲೆಯನ್ನು ಹವಳ ತಾಳಿಕೊಳ್ಳುತ್ತದೆ, ಮೋಡ ಕವಿದ ದಿನಗಳು ಕಡಲಿನಲ್ಲೂ ಇವೆ. ನೀರು ನಿಂತು ಆಮ್ಲಜನಕ ಕಡಿಮೆಯಾದರೆ ಕೆಲವೇ ಗಂಟೆಗಳಲ್ಲಿ ಮೀನು ಸಾಯುತ್ತದೆ. ಕೆಲವು ಅಗ್ಗದ ದೀಪಗಳು ವಿದ್ಯುತ್ ಮರಳಿದಾಗ ವೇಳಾಪಟ್ಟಿ ಮರೆತು ಪೂರ್ಣ ಶಕ್ತಿಯಲ್ಲಿ ಉರಿಯತೊಡಗುತ್ತವೆ. ಕೊಂಡ ದಿನವೇ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿ ಇದನ್ನು ಪರೀಕ್ಷಿಸಬೇಕು.

ವಿದ್ಯುತ್ ವೆಚ್ಚ ಅಲ್ಪ. 60 ವ್ಯಾಟ್ ದೀಪವನ್ನು ಅರ್ಧ ಶಕ್ತಿಯಲ್ಲಿ 9 ಗಂಟೆ ಉರಿಸಿದರೆ ತಿಂಗಳಿಗೆ ಸುಮಾರು 8 ಯೂನಿಟ್. ಹಿಂದೆ ಇದೇ ಅಳತೆಯ ತೊಟ್ಟಿಯ ಮೇಲೆ ತೂಗುತ್ತಿದ್ದ 150 ವ್ಯಾಟಿನ ಹ್ಯಾಲೈಡ್ ದೀಪ 40 ಯೂನಿಟ್ ನುಂಗುತ್ತಿತ್ತು. ಉಪ್ಪುನೀರು ವಿದ್ಯುತ್ತಿಗೆ ಒಳ್ಳೆಯ ವಾಹಕವಾದ್ದರಿಂದ ತೊಟ್ಟಿಯ ಎಲ್ಲ ಸಲಕರಣೆಗಳೂ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮೂಲಕವೇ ಹಾದುಬರಬೇಕು. ದೀಪದ ತಂತಿ ಪ್ಲಗ್‌ಗಿಂತ ಕೆಳಗೆ ಒಮ್ಮೆ ಇಳಿಬಿದ್ದು ಮೇಲೇರುವಂತಿದ್ದರೆ ತಂತಿಗುಂಟ ಹರಿದ ನೀರು ಪ್ಲಗ್ ತಲುಪದೆ ನೆಲಕ್ಕೆ ತೊಟ್ಟಿಕ್ಕುತ್ತದೆ.

ತಿಂಗಳಿಗೊಮ್ಮೆ ದೀಪವನ್ನು ಆರಿಸಿ, ಆರಿದ ಮೇಲೆ ಮಸೂರದ ಮೇಲಿನ ಉಪ್ಪಿನ ಪೊರೆಯನ್ನು ಆರ್‌ಒ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿ. ಫ್ಯಾನಿನ ಧೂಳನ್ನೂ ತೆಗೆಯಿರಿ. ತಿಂಗಳುಗಟ್ಟಲೆ ಒರೆಸದೆ ಬಿಟ್ಟ ಮಸೂರವನ್ನು ಒಮ್ಮೆಗೇ ಶುಚಿಗೊಳಿಸಿದರೆ ಹವಳಕ್ಕೆ ಅದು ಹೊಸ ದೀಪ ಹಾಕಿದಂತೆಯೇ. ಅಂದು ಶಕ್ತಿಯನ್ನು ಸ್ವಲ್ಪ ತಗ್ಗಿಸಿ, ಮುಂದಿನ ಎರಡು ವಾರಗಳಲ್ಲಿ ಮತ್ತೆ ಹಳೆಯ ಮಟ್ಟಕ್ಕೆ ತರಬೇಕು.